ನಿಮಗಿದು ಗೊತ್ತೇ? ನಗಿಸುತ್ತ ಬಂದು ಹೋರಾಟಕ್ಕಿಳಿದ ಮೈಕೆಲ್ ಜೆ. ಫಾಕ್ಸ್

‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದಲ್ಲಿ ಕಾರೇರಿ ಹಳೆಯ ಕಾಲಕ್ಕೆ ಹೋಗಿಬಂದ ಹುಡುಗನ ನೆನಪು ಬಹಳ ಜನರಿಗಿದೆ. ಆದರೆ ಮೈಕೆಲ್ ಜೆ. ಫಾಕ್ಸ್ ಮೊದಲು ಮನೆಮಾತಾದದ್ದು ಟಿ.ವಿ. ಹಾಸ್ಯ ಧಾರಾವಾಹಿಯಿಂದ. ಇಂದು ನರರೋಗ ತಜ್ಞರು ಅವರ ಹೆಸರನ್ನು ಗೌರವದಿಂದ ಹೇಳುವುದು ಬೇರೆಯದೇ ಕಾರಣಕ್ಕೆ. ಪಾರ್ಕಿನ್ಸನ್ ಕಾಯಿಲೆಯನ್ನು ಏಳು ವರ್ಷ ಮುಚ್ಚಿಟ್ಟಿದ್ದ ಅವರು, ಬಳಿಕ ನಡುಗುವ ತಮ್ಮ ದೇಹವನ್ನೇ ಜನರ ಮುಂದಿಟ್ಟು ವಾದ ಮಂಡಿಸಿದರು.

● ಫಾಕ್ಸ್ ಹುಟ್ಟಿದ್ದು 1961ರ ಜೂನ್ 9ರಂದು, ಕೆನಡಾದ ಎಡ್ಮಂಟನ್‌ನಲ್ಲಿ. ತಂದೆ ಸೇನೆಯಲ್ಲಿದ್ದುದರಿಂದ ಊರೂರು ಸುತ್ತಿದ ಕುಟುಂಬ ಕೊನೆಗೆ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ ನೆಲೆ ನಿಂತಿತು. ಹೈಸ್ಕೂಲಿನ ದಿನಗಳಲ್ಲೇ ‘ಲಿಯೋ ಆ್ಯಂಡ್ ಮಿ’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಅವರಿಗೆ ಅವಕಾಶ ಸಿಕ್ಕಿತು. ಕುಳ್ಳಗಿದ್ದ ಅವರು ಅದರಲ್ಲಿ ತಮಗಿಂತ ಚಿಕ್ಕ ಹುಡುಗನಾಗಿ ನಟಿಸಿದ್ದರು.

● ಅವರ ಹೆಸರಿನಲ್ಲಿ ‘ಜೆ’ಗೆ ಜಾಗವೇ ಇರಲಿಲ್ಲ! ಅವರು ಮೈಕೆಲ್ ಆ್ಯಂಡ್ರೂ ಫಾಕ್ಸ್. ಆದರೆ ಅಮೆರಿಕದ ನಟರ ಸಂಘದಲ್ಲಿ ಆಗಲೇ ಇನ್ನೊಬ್ಬ ಮೈಕೆಲ್ ಫಾಕ್ಸ್ ಇದ್ದರು. ಹಾಗಾಗಿ ತಮ್ಮ ಮೆಚ್ಚಿನ ನಟ ಮೈಕೆಲ್ ಜೆ. ಪೊಲಾರ್ಡ್ ಅವರ ‘ಜೆ’ಯನ್ನು ಎರವಲು ಪಡೆದರು.

● ಓದು ಅರ್ಧಕ್ಕೇ ಬಿಟ್ಟು ಹಾಲಿವುಡ್‌ಗೆ ಬಂದ ಅವರು ಕೈಯಲ್ಲಿ ಕಾಸಿಲ್ಲದೆ ಮನೆಯ ಸೋಫಾವನ್ನು ಒಂದೊಂದು ಭಾಗವಾಗಿ ಮಾರಿ ದಿನ ದೂಡಿದರು. ಮನೆಯ ಫೋನ್ ಕೂಡ ಕಡಿತವಾಗಿತ್ತು. ‘ಫ್ಯಾಮಿಲಿ ಟೈಸ್’ ಧಾರಾವಾಹಿಯ ಒಪ್ಪಂದದ ಮಾತುಕತೆ ನಡೆಸಿದ್ದು ಕೋಳಿ ಖಾದ್ಯದ ಹೋಟೆಲೊಂದರ ಹೊರಗಿದ್ದ ಸಾರ್ವಜನಿಕ ಫೋನ್‌ನಿಂದ.

● ಎನ್‌ಬಿಸಿ ವಾಹಿನಿಯ ಮುಖ್ಯಸ್ಥ ಬ್ರ್ಯಾಂಡನ್ ಟಾರ್ಟಿಕಾಫ್‌ಗೆ ಈ ಹುಡುಗ ಹಿಡಿಸಿರಲಿಲ್ಲ. ಮಕ್ಕಳ ಊಟದ ಡಬ್ಬಿಯ ಮೇಲೆ ಅಚ್ಚು ಹಾಕುವಂಥ ಮುಖ ಇದಲ್ಲ ಎಂಬುದು ಅವರ ತಕರಾರು. ಧಾರಾವಾಹಿ ಗೆದ್ದ ಮೇಲೆ ಫಾಕ್ಸ್ ತಮ್ಮ ಚಿತ್ರವಿರುವ ಡಬ್ಬಿಯನ್ನೇ ಅವರಿಗೆ ಕಳಿಸಿದರು. ಟಾರ್ಟಿಕಾಫ್ ಅದನ್ನು ಪ್ರೀತಿಯಿಂದ ಕಚೇರಿಯಲ್ಲಿ ಇಟ್ಟುಕೊಂಡರು.

● 1982ರಿಂದ 1989ರವರೆಗೆ ಪ್ರಸಾರವಾದ ‘ಫ್ಯಾಮಿಲಿ ಟೈಸ್’ನಲ್ಲಿ ತಂದೆ–ತಾಯಿಯೇ ಮುಖ್ಯ ಪಾತ್ರಗಳಾಗಬೇಕಿತ್ತು. ಆದರೆ ಸದಾ ಟೈ ಕಟ್ಟಿ ದುಡ್ಡಿನ ಲೆಕ್ಕ ಹೇಳುವ ಮಗ ಅಲೆಕ್ಸ್ ಕೀಟನ್ ಪ್ರೇಕ್ಷಕರ ಮನ ಗೆದ್ದುಬಿಟ್ಟ. ಆ ಪಾತ್ರಕ್ಕಾಗಿ ಫಾಕ್ಸ್‌ಗೆ 1986, 1987, 1988ರಲ್ಲಿ ಸತತ ಮೂರು ಎಮ್ಮಿ ಪ್ರಶಸ್ತಿಗಳು ಬಂದವು. ಅಲೆಕ್ಸ್‌ನ ಗೆಳತಿಯಾಗಿ ನಟಿಸಿದ ಟ್ರೇಸಿ ಪೊಲನ್ 1988ರಲ್ಲಿ ಅವರ ಬಾಳಸಂಗಾತಿಯಾದರು.

● ‘ಬ್ಯಾಕ್ ಟು ದ ಫ್ಯೂಚರ್’ಗೆ ಮೊದಲು ನಾಯಕನಾಗಿದ್ದವರು ಎರಿಕ್ ಸ್ಟೋಲ್ಟ್ಸ್. ವಾರಗಟ್ಟಲೆ ಚಿತ್ರೀಕರಣ ನಡೆದ ಮೇಲೆ, 1985ರ ಜನವರಿಯಲ್ಲಿ, ಆ ಜಾಗಕ್ಕೆ ಫಾಕ್ಸ್ ಬಂದರು. ಹಗಲೆಲ್ಲ ಧಾರಾವಾಹಿ, ರಾತ್ರಿಯೆಲ್ಲ ಸಿನಿಮಾ. ನಿದ್ದೆ ಕೆಲವೇ ಗಂಟೆ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ ಅದೇ.

● ಕಾಯಿಲೆ ಮೊದಲು ಮುಖ ತೋರಿಸಿದ್ದು ಎಡಗೈಯ ಕಿರುಬೆರಳಲ್ಲಿ. 1990ರಲ್ಲಿ ‘ಡಾಕ್ ಹಾಲಿವುಡ್’ ಚಿತ್ರೀಕರಣಕ್ಕೆ ಫ್ಲಾರಿಡಾಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅದು ತಾನೇ ತಾನಾಗಿ ಅದುರತೊಡಗಿತು. ಮರುವರ್ಷ ಪಾರ್ಕಿನ್ಸನ್ ಎಂದು ಖಚಿತವಾದಾಗ ಅವರಿಗೆ 29 ವರ್ಷ. ಸಾಮಾನ್ಯವಾಗಿ 60ರ ಆಸುಪಾಸಿನಲ್ಲಿ ಕಾಣಿಸುವ ಕಾಯಿಲೆಯಿದು. ಆಘಾತದಿಂದ ಕುಡಿತ ಹೆಚ್ಚಿತು. 1992ರಲ್ಲಿ ಅದನ್ನು ಪೂರ್ತಿ ಬಿಟ್ಟರು.

● ಗುಟ್ಟು ಕಾಯಲು ಅವರ ನಟನೆಯ ಕಸುಬೇ ನೆರವಿಗೆ ಬಂತು. 1996ರಲ್ಲಿ ಶುರುವಾದ ‘ಸ್ಪಿನ್ ಸಿಟಿ’ ಧಾರಾವಾಹಿಯನ್ನು ಈಗ ನೋಡಿದರೆ ಅದು ಕಾಣುತ್ತದೆ. ಎಡಗೈಯಲ್ಲಿ ಯಾವಾಗಲೂ ಒಂದು ಪೆನ್ನೋ ಫೋನೋ ಇರುತ್ತದೆ. ಇಲ್ಲವೇ ಕೈ ಜೇಬಿನಲ್ಲಿ. ಮಾತ್ರೆಯ ಪರಿಣಾಮ ಯಾವ ದೃಶ್ಯಕ್ಕೆ ಸರಿಯಾಗಿ ಶುರುವಾಗಬೇಕೆಂದು ಲೆಕ್ಕ ಹಾಕಿ ನುಂಗುತ್ತಿದ್ದರು. ಲೆಕ್ಕ ತಪ್ಪಿದ ದಿನ ಸ್ಟುಡಿಯೋದ ಪ್ರೇಕ್ಷಕರು ಕಾಯಬೇಕಾಗುತ್ತಿತ್ತು. ಕಾಯಿಲೆ ಗೊತ್ತಾದರೆ ಜನ ಮೊದಲಿನಂತೆ ನಗುತ್ತಾರೆಯೇ ಎಂಬ ಅಳುಕು ಅವರನ್ನು ಕಾಡುತ್ತಿತ್ತು. 1998ರ ಕೊನೆಯಲ್ಲಿ ‘ಪೀಪಲ್’ ಪತ್ರಿಕೆಗೆ ಎಲ್ಲವನ್ನೂ ಹೇಳಿಕೊಂಡರು. ಜನ ಮೊದಲಿನಂತೆಯೇ ನಕ್ಕರು. 2000ದಲ್ಲಿ ಅದೇ ಧಾರಾವಾಹಿಗೆ ಮತ್ತೊಂದು ಎಮ್ಮಿ ಬಂತು.

● 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ಹೇಳಲು ಹೋದಾಗ ಅವರು ಬೇಕೆಂದೇ ಮಾತ್ರೆ ತೆಗೆದುಕೊಳ್ಳಲಿಲ್ಲ. ಸಂಶೋಧನೆಗೆ ಹಣ ಹಂಚುವವರು ಈ ಕಾಯಿಲೆಯನ್ನು ಕಣ್ಣಾರೆ ಕಾಣಲಿ ಎಂಬುದು ಅವರ ಉದ್ದೇಶ. ಏಳು ವರ್ಷ ಪ್ರತಿ ನಡುಕವನ್ನೂ ಅಡಗಿಸಿದ್ದ ನಟ ಅಂದು ಒಂದನ್ನೂ ಅಡಗಿಸಲಿಲ್ಲ. ಅವರ ಬದುಕಿನ ದೊಡ್ಡ ತಿರುವು ಇದೇ.

● 2000ದಲ್ಲಿ ‘ಸ್ಪಿನ್ ಸಿಟಿ’ ಬಿಟ್ಟ ಅವರು ಅದೇ ವರ್ಷ ‘ಮೈಕೆಲ್ ಜೆ. ಫಾಕ್ಸ್ ಫೌಂಡೇಶನ್’ ಕಟ್ಟಿದರು. ಬಂದ ಹಣವನ್ನು ನಿಧಿಯಾಗಿ ಕೂಡಿಡದೆ ಸಂಶೋಧನೆಗೆ ಹರಿಸುವುದು, ಮದ್ದು ಸಿಕ್ಕ ದಿನ ಸಂಸ್ಥೆಯನ್ನೇ ಮುಚ್ಚುವುದು ಅದರ ನೀತಿ. ಈವರೆಗೆ ಅದು ಸಂಶೋಧನೆಗೆ ಕೊಟ್ಟ ಹಣ 200 ಕೋಟಿ ಡಾಲರ್‌ಗೂ ಹೆಚ್ಚು.

● 2002ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಪಾರ್ಕಿನ್ಸನ್ ಸಂಶೋಧನೆಯ ಪರವಾಗಿ ಅವರ ಜೊತೆಗೆ ನಿಂತವರು ಬಾಕ್ಸಿಂಗ್ ದಿಗ್ಗಜ ಮಹಮ್ಮದ್ ಅಲಿ. ಅಲಿಗೆ ಈ ಕಾಯಿಲೆ ಇರುವುದು 1984ರಲ್ಲಿ ಪತ್ತೆಯಾಗಿತ್ತು.

● ಪಾರ್ಕಿನ್ಸನ್‌ಗೂ ಮದ್ದು ಸಿಗಬಹುದೆಂಬ ಭರವಸೆ ಹುಟ್ಟಿಸಿದ್ದ ಭ್ರೂಣದ ಕಾಂಡಕೋಶಗಳ ಸಂಶೋಧನೆಗೆ ಸರ್ಕಾರದ ಹಣ ಬಳಸಲು ಅಧ್ಯಕ್ಷ ಬುಷ್ 2001ರಲ್ಲಿ ಮಿತಿ ಹೇರಿದ್ದರು. ಈ ಸಂಶೋಧನೆಯನ್ನು ಬೆಂಬಲಿಸುತ್ತಿದ್ದ ಮಿಸೌರಿಯ ಸೆನೆಟ್ ಅಭ್ಯರ್ಥಿ ಕ್ಲೇರ್ ಮೆಕ್ಯಾಸ್ಕಿಲ್ ಪರವಾಗಿ ಫಾಕ್ಸ್ 2006ರಲ್ಲಿ ಟಿ.ವಿ. ಪ್ರಚಾರಕ್ಕಿಳಿದರು. ಅದರಲ್ಲಿ ಅವರ ಮೈ ಒಂದೇ ಸಮನೆ ಓಲಾಡುತ್ತಿತ್ತು. ಒಂದೋ ಮಾತ್ರೆ ಬಿಟ್ಟಿದ್ದಾರೆ, ಇಲ್ಲವೇ ನಾಟಕವಾಡುತ್ತಿದ್ದಾರೆ ಎಂದು ರೇಡಿಯೊ ನಿರೂಪಕ ರಶ್ ಲಿಂಬಾ ಆರೋಪಿಸಿದರು. ನಿಜ ಅದಕ್ಕೆ ತದ್ವಿರುದ್ಧ. ಪಾರ್ಕಿನ್ಸನ್ ತರುವುದು ನಡುಕ ಮತ್ತು ಬಿಗಿತ. ಮೈ ಹೀಗೆ ಓಲಾಡುವುದು ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ್ದರ ಅಡ್ಡಪರಿಣಾಮ. ಆ ಚುನಾವಣೆಯಲ್ಲಿ ಮೆಕ್ಯಾಸ್ಕಿಲ್ ಗೆದ್ದರು. 2009ರಲ್ಲಿ ಅಧ್ಯಕ್ಷ ಒಬಾಮ ಆ ಮಿತಿಯನ್ನು ತೆಗೆದುಹಾಕಿದರು.

● ಆ ಲೆವೊಡೋಪಾಕ್ಕೂ ನಮ್ಮ ನೆಲಕ್ಕೂ ನಂಟಿದೆ. ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿ ಅದು ಸಹಜವಾಗಿಯೇ ಇದೆ. 1937ರಲ್ಲಿ ಅದನ್ನು ಆ ಬೀಜದಿಂದ ಬೇರ್ಪಡಿಸಿ ತೋರಿಸಿದವರು ಭಾರತದ ವಿಜ್ಞಾನಿಗಳು. ಹಾಗೆಂದು ನಸುಗುನ್ನಿಯನ್ನು ಮನೆಮದ್ದಾಗಿ ನುಂಗಬಾರದು. ಪ್ರಮಾಣ ತಪ್ಪಿದರೆ ಅಪಾಯ.

● ಪಾರ್ಕಿನ್ಸನ್ ಎಂಬುದು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರ ಹೆಸರು. 1817ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟವರು ಅವರು. ಅವರೂ ಹೋರಾಟಗಾರರೇ. ಬಡವರ ಪರವಾಗಿ, ಮತದಾನದ ಸುಧಾರಣೆಗಾಗಿ ಗುಪ್ತನಾಮದಲ್ಲಿ ಕರಪತ್ರ ಬರೆಯುತ್ತಿದ್ದರು. ಅವರ ಹುಟ್ಟುಹಬ್ಬವಾದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

● ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾ ಸರಣಿಯಲ್ಲಿ ಫಾಕ್ಸ್ ತೊಟ್ಟ ಶೂ ಕೂಡ ಸಂಶೋಧನೆಗೆ ದುಡಿದಿದೆ. 2011ರಲ್ಲಿ ನೈಕಿ ಕಂಪನಿ ಅದೇ ಮಾದರಿಯ 1,500 ಜೊತೆ ಶೂಗಳನ್ನು ಹರಾಜಿಗಿಟ್ಟಾಗ ಫೌಂಡೇಶನ್‌ಗೆ ಸುಮಾರು 47 ಲಕ್ಷ ಡಾಲರ್ ಬಂತು.

● ಕಾಯಿಲೆಯೇ ಅವರಿಗೆ ಹೊಸ ಪಾತ್ರಗಳನ್ನೂ ಕೊಟ್ಟಿತು. ‘ದ ಗುಡ್ ವೈಫ್’ ಧಾರಾವಾಹಿಯಲ್ಲಿ ತನ್ನ ಅಂಗವೈಕಲ್ಯವನ್ನು ತೋರಿಸಿ ನ್ಯಾಯದರ್ಶಿಗಳ ಮನ ಗೆಲ್ಲುವ ಚತುರ ವಕೀಲನಾದರು. ಅಂಗವಿಕಲರೆಂದರೆ ಪಾಪದವರು, ಸಾಧುಗಳು ಎಂಬ ಪರದೆಯ ಹಳೆಯ ಚಾಳಿಯನ್ನು ಆ ಪಾತ್ರ ಮುರಿಯಿತು. ‘ರೆಸ್ಕ್ಯೂ ಮಿ’ ಧಾರಾವಾಹಿಯ ಅತಿಥಿ ಪಾತ್ರ 2009ರಲ್ಲಿ ಅವರ ಐದನೇ ಎಮ್ಮಿ ತಂದಿತು.

● ಹೈಸ್ಕೂಲ್ ಮುಗಿಸದೆ ಹೊರಟ ಈ ಹುಡುಗನಿಗೆ 2010ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆ. ವೈದ್ಯಕೀಯ ನೊಬೆಲ್ ಯಾರಿಗೆಂದು ತೀರ್ಮಾನಿಸುವ ತಜ್ಞರು ಇರುವುದು ಅಲ್ಲೇ. ಅವರ ಮಾನವೀಯ ಸೇವೆಗೆ 2022ರಲ್ಲಿ ಆಸ್ಕರ್ ಅಕಾಡೆಮಿಯ ಗೌರವ, 2025ರ ಜನವರಿಯಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಪುರಸ್ಕಾರವೂ ಸಂದವು.

● ಎಲ್ಲಕ್ಕಿಂತ ದೊಡ್ಡ ಫಲ ಸಿಕ್ಕಿದ್ದು 2023ರಲ್ಲಿ. ಪಾರ್ಕಿನ್ಸನ್ ಇದ್ದವರಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನ್ ವಿಕಾರವಾಗಿ ಮಡಚಿಕೊಂಡಿರುತ್ತದೆ. ರೋಗಿಯ ಬೆನ್ನುಹುರಿಯ ದ್ರವವನ್ನು ಸರಿಯಾದ ಪ್ರೋಟೀನ್ ಜೊತೆ ಬೆರೆಸಿದರೆ, ಹೆಪ್ಪು ಬಿದ್ದ ಹಾಲಿನಂತೆ ಅದೂ ವಿಕಾರಗೊಂಡು ಗಂಟುಕಟ್ಟುತ್ತದೆ. ಈ ಪರೀಕ್ಷೆ ನಂಬಲರ್ಹವೆಂದು ತೋರಿಸಿದ್ದು ಫೌಂಡೇಶನ್ 2010ರಲ್ಲಿ ಆರಂಭಿಸಿದ ಅಧ್ಯಯನ. ಅದರಲ್ಲಿ ಪರೀಕ್ಷೆಗೆ ಒಳಗಾದವರು ಸಾವಿರಕ್ಕೂ ಹೆಚ್ಚು ಮಂದಿ. ನಡುಕ ಶುರುವಾಗುವ ಮೊದಲೇ ಕಾಯಿಲೆಯನ್ನು ಗುರುತಿಸುವ ದಾರಿ ಇದರಿಂದ ತೆರೆದಿದೆ.

● ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಪಾರ್ಕಿನ್ಸನ್ ಇದ್ದವರು 85 ಲಕ್ಷಕ್ಕೂ ಹೆಚ್ಚು. ನಮ್ಮ ಮನೆಗಳಲ್ಲಿ ಅಜ್ಜನ ಕೈ ನಡುಗಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ವಾಸನೆ ತಿಳಿಯದಿರುವುದು, ಅಕ್ಷರ ಸಣ್ಣದಾಗುತ್ತ ಹೋಗುವುದು, ನಡೆಯುವಾಗ ಒಂದೇ ಕೈ ಬೀಸದಿರುವುದು, ನಿದ್ದೆಯಲ್ಲಿ ಕೈಕಾಲು ಜಾಡಿಸುವುದು ಇದರ ಮುನ್ಸೂಚನೆಗಳಾಗಿರಬಹುದು. ಇವು ಕಂಡರೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ಚಿಕಿತ್ಸೆಯಿದೆ. ಫಾಕ್ಸ್‌ಗೆ ಏಳು ವರ್ಷ ಬೇಕಾದ ಆ ಮಾತನ್ನು ನಮ್ಮ ಮನೆಯವರು ಮೊದಲ ದಿನವೇ ಅಳುಕಿಲ್ಲದೆ ಹೇಳಿಕೊಳ್ಳುವಂತಾಗಬೇಕು.