ಜೀವನಚರಿತ್ರೆಯೊಂದನ್ನು ತಿದ್ದುವ ಬಗೆ

ವಿಶ್ವಕೋಶವೆಂದೊಡನೆ ಪುಸ್ತಕಭಂಡಾರದ ಬೀರುಗಳಲ್ಲಿ ಸಾಲಾಗಿ ನಿಂತ ದಪ್ಪ ಸಂಪುಟಗಳು ನೆನಪಿಗೆ ಬರುತ್ತವೆ. ಬರೆಯುವವರು ವಿದ್ವಾಂಸರು, ಓದುವವರು ನಾವು. 2001ರಲ್ಲಿ ಅಂತರಜಾಲದಲ್ಲಿ ಹುಟ್ಟಿದ ವಿಕಿಪೀಡಿಯವು ಈ ಅಂತರವನ್ನು ತೊಡೆದುಹಾಕಿತು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಆರಂಭವಾಯಿತು. ಆದುದರಿಂದ ಚಳ್ಳಕೆರೆಯಲ್ಲಿಯೋ ಮೊಳಕಾಲ್ಮೂರಿನಲ್ಲಿಯೋ ಓದುತ್ತಿರುವ ವಿದ್ಯಾರ್ಥಿಗಳೂ ಇಂದು ವಿಶ್ವಕೋಶದ ಲೇಖಕರಾಗಬಲ್ಲರು. ಆದರೆ ತಿದ್ದುವ ಅಧಿಕಾರ ಬಂದೊಡನೆ ತಿದ್ದುವ ವಿದ್ಯೆಯೂ ಬಂದಂತಾಗುವುದಿಲ್ಲ. ಆ ವಿದ್ಯೆ ಯಾವುದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಟೆನಿಸ್ ಆಟಗಾರ ರೋಹನ್ ಬೋಪಣ್ಣನವರ ಜೀವನಚರಿತ್ರೆಯಲ್ಲಿ ಹೀಗೊಂದು ವಾಕ್ಯವಿದೆಯೆಂದು ಭಾವಿಸೋಣ: “ಅಪ್ರತಿಮ ವೀರರಾದ ಬೋಪಣ್ಣನವರು 44 ವರ್ಷ ತುಂಬಿದ ಮೇಲೆ ತಮ್ಮ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಯನ್ನು ಗೆದ್ದರು.” ಓದಲು ಸೊಗಸಾಗಿದೆ. ಆದರೆ ಇದರಲ್ಲಿ ಮೂರು ದೋಷಗಳುಂಟು.

ಮೊದಲನೆಯದು ವಯಸ್ಸು. ಅವರು ಹುಟ್ಟಿದುದು 1980ರ ಮಾರ್ಚ್ 4ರಂದು. ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಅವರೊಡನೆ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದುದು 2024ರ ಜನವರಿ 27ರಂದು. ಲೆಕ್ಕ ಹಾಕಿ ನೋಡಿರಿ: 44 ತುಂಬಲು ಇನ್ನೂ 37 ದಿನಗಳಿದ್ದವು.

ಎರಡನೆಯದು ‘ಮೊದಲ’ ಎಂಬ ಮಾತು. 2017ರಲ್ಲಿಯೇ ಅವರು ಕೆನಡದ ಗೇಬ್ರಿಯೇಲಾ ಡಬ್ರೋವ್‌ಸ್ಕಿಯವರ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿಯನ್ನು ಪಡೆದಿದ್ದರು. 2024ರದು ‘ಪುರುಷರ ಡಬಲ್ಸ್’ ವಿಭಾಗದಲ್ಲಿ ಮೊದಲನೆಯದು. ಈ ಎರಡು ಪದಗಳು ಸೇರಿದರೆ ಸುಳ್ಳು ಸತ್ಯವಾಗುತ್ತದೆ.

ಮೂರನೆಯದು ‘ಅಪ್ರತಿಮ ವೀರ’ ಎಂಬ ಹೊಗಳಿಕೆ. ಇದನ್ನು ಅಳೆಯುವ ಕೋಲು ಯಾರ ಬಳಿಯಲ್ಲಿಯೂ ಇಲ್ಲ. ಇದಕ್ಕೆ ಬದಲಾಗಿ, ಬೋಪಣ್ಣ ಮತ್ತು ಎಬ್ಡೆನ್ ಜೋಡಿಯು ಇಟಲಿಯ ಬೊಲೆಲ್ಲಿ ಮತ್ತು ವಾವಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿತೆಂದೂ, ಅದಾದ ಎರಡು ದಿನಗಳಲ್ಲಿ ಬೋಪಣ್ಣನವರು ಪುರುಷರ ಡಬಲ್ಸ್ ಶ್ರೇಯಾಂಕದ ಅಗ್ರಸ್ಥಾನವನ್ನೇರಿದರೆಂದೂ, ಆವರೆಗೆ ಅಷ್ಟು ವಯಸ್ಸಿನ ಯಾರೂ ಅಲ್ಲಿಗೇರಿರಲಿಲ್ಲವೆಂದೂ ಬರೆದರೆ ಸಾಕು. ‘ಆವರೆಗೆ’ ಎಂಬ ಪದವನ್ನು ಗಮನಿಸಿರಿ. ದಾಖಲೆಯನ್ನು ನಾಳೆ ಯಾರಾದರೂ ಮುರಿದರೂ ವಾಕ್ಯ ಕೆಡದು.

ಪ್ರತಿಯೊಂದು ಹೇಳಿಕೆಗೂ ಪ್ರಕಟವಾದ ಆಧಾರವಿರಬೇಕೆಂಬುದು ವಿಕಿಪೀಡಿಯದ ನಿಯಮ. ಆದರೆ ಆಧಾರವನ್ನೂ ಪರೀಕ್ಷಿಸಬೇಕು. ಪತ್ರಿಕೆಯೊಂದು ವಿಶ್ವಕೋಶವನ್ನು ನೋಡಿಯೇ ಬರೆದಿದ್ದರೆ ಸಾಕ್ಷಿಗಳು ಇಬ್ಬರಂತೆ ಕಂಡರೂ ಮಾತು ಒಬ್ಬನದೇ ಆಗಿರುತ್ತದೆ.

ಬೇರೆ ಬೇರೆ ಸಾಕ್ಷ್ಯಗಳನ್ನು ಹೋಲಿಸುವುದರಿಂದ ಜೀವನಚರಿತ್ರೆ ಹೇಗೆ ಗಟ್ಟಿಯಾಗುತ್ತದೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳೇ ನಿದರ್ಶನ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಒಂದು ಬಂಡೆಯಲ್ಲಿ ಸವೆದ ಅಕ್ಷರಗಳನ್ನು ಇನ್ನೊಂದರಿಂದ ತುಂಬಿಕೊಳ್ಳಲು ಸಾಧ್ಯವಾಯಿತು. ಆದರೆ ಅವುಗಳಲ್ಲಿ ದೊರೆಯು ಬರಿಯ ‘ದೇವಾನಾಂಪಿಯ’. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರೂ ಇದ್ದುದರಿಂದ ವಿದ್ವಾಂಸರ ಊಹೆಗೆ ಶಿಲೆಯ ಆಧಾರ ಸಿಕ್ಕಿತು.

ಬದುಕಿರುವವರ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚಬೇಕು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆನ್ತಾಲರ್ ಅವರು ಕೆನೆಡಿಯವರ ಕೊಲೆಯಲ್ಲಿ ಶಂಕಿತರಾಗಿದ್ದರೆಂದು ಯಾರೋ ವಿಕಿಪೀಡಿಯದಲ್ಲಿ ಬರೆದರು. ಆ ಶುದ್ಧ ಸುಳ್ಳು ನಾಲ್ಕು ತಿಂಗಳು ಅಲ್ಲಿಯೇ ಉಳಿಯಿತು. ಆ ಬಳಿಕ ನಿಯಮಗಳು ಬಿಗಿಯಾದವು: ಬದುಕಿರುವವರ ಮೇಲಿನ ನಿರಾಧಾರವಾದ ದೂಷಣೆಯನ್ನು ಕಂಡೊಡನೆ ತೆಗೆದುಹಾಕಬೇಕು. ಪ್ರತಿ ತಿದ್ದುಪಡಿಯ ಇತಿಹಾಸವೂ ಅಲ್ಲಿ ಉಳಿಯುವುದರಿಂದ ಹಿಂದಿನ ಪಾಠವನ್ನು ಮರಳಿ ತರುವುದು ಕಷ್ಟವಲ್ಲ. ಆದರೆ ತಪ್ಪನ್ನು ಕಾಣುವ ಕಣ್ಣು ಬೇಕು.

ಟೆನಿಸ್ ಆಟಗಾರನ ಚರಿತ್ರೆಯಲ್ಲಿ ಈ ಅಭ್ಯಾಸ ಕುದುರಿದ ಮೇಲೆ ವಿದ್ಯಾರ್ಥಿಗಳು ತಮ್ಮ ನೆರೆಯ ಹಿರಿಯರತ್ತಲೂ ತಿರುಗಬಹುದು. ಕನ್ನಡದ ಮೇಲಾದ ಅಧ್ಯಾಪಕರಲ್ಲಿ ಒಬ್ಬರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಅವರ ಕುರಿತ ಲೇಖನವನ್ನು ತೆರೆದು, ಒಂದೊಂದು ವಾಕ್ಯಕ್ಕೂ “ಇದಕ್ಕೆ ಆಧಾರವೇನು?” ಎಂದು ಕೇಳುತ್ತ ಹೋಗಲಿ. ಉತ್ತರ ಸಿಗದ ಮೊದಲ ವಾಕ್ಯದಿಂದಲೇ ಕೆಲಸ ಆರಂಭವಾಗುತ್ತದೆ.