ಸ್ಥೌಲ್ಯಹರ ಔಷಧಗಳು: ಉಪಯೋಗ ಮತ್ತು ಎಚ್ಚರ

ಕಾಯವು ಸ್ವಸ್ಥವಾಗಿದ್ದರೆ ಮಾತ್ರ ಕಾಯಕವು ಸಾಗುವುದು. ಅತಿಯಾದ ಬೊಜ್ಜು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿಯಾಗುವುದರಿಂದ, ಅದನ್ನು ಕರಗಿಸುವ ಔಷಧಕ್ಕಾಗಿ ವೈದ್ಯವಿಜ್ಞಾನವು ಬಹುಕಾಲದಿಂದ ಶ್ರಮಿಸುತ್ತ ಬಂದಿದೆ. ಆ ಶೋಧದ ಇತಿಹಾಸವು ನಮಗೆ ಎಚ್ಚರದ ಪಾಠವೂ ಆಗಿದೆ.

1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವು ತೂಕವನ್ನಿಳಿಸುವುದೆಂದು ಪ್ರಕಟಿಸಿದರು. ಅದು ಆಹಾರದ ಶಕ್ತಿಯನ್ನು ದೇಹದ ಕೆಲಸಕ್ಕೆ ಒದಗಿಸದೆ ಬರಿಯ ಶಾಖವಾಗಿ ವ್ಯಯಮಾಡುತ್ತದೆ. ತೂಕ ಇಳಿದುದೇನೋ ನಿಜ. ಆದರೆ ಕೆಲವರಿಗೆ ಕಣ್ಣಿನ ಪೊರೆ ಬಂದಿತು, ಕೆಲವರು ಮೈಶಾಖ ಮಿತಿಮೀರಿ ಅಸುನೀಗಿದರು. 1938ರ ಔಷಧ ಕಾನೂನಿನ ಬಳಿಕ ಅಲ್ಲಿ ಅದರ ಬಳಕೆಗೆ ತಡೆಯುಂಟಾಯಿತು. ಮುಂದೆ ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುವುದೆಂದು ತಿಳಿದು, 1997ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದರು. ಹೃದಯಾಘಾತ, ಪಾರ್ಶ್ವವಾಯುಗಳ ಭಯದಿಂದ ಸಿಬುಟ್ರಮಿನ್ 2010ರಲ್ಲಿ ಅಮೆರಿಕ, ಯುರೋಪುಗಳಲ್ಲಿಯೂ 2011ರಲ್ಲಿ ಭಾರತದಲ್ಲಿಯೂ ನಿಂತಿತು.

ಇಂದಿನ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳ ಮಾರ್ಗವೇ ಬೇರೆ. ಊಟವಾದ ಮೇಲೆ ಕರುಳಿನಲ್ಲಿ ಹುಟ್ಟುವ ಹಾರ್ಮೋನುಗಳಂತೆ ವರ್ತಿಸಿ ಇವು ಹಸಿವನ್ನು ತಗ್ಗಿಸುತ್ತವೆ. ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಗೊಳಿಸುತ್ತವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತವೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಚುಚ್ಚುಮದ್ದಾಗಿ ಕೊಡುವ ಇವುಗಳಿಂದ ಅನೇಕರಿಗೆ ನಿಜವಾದ ಪ್ರಯೋಜನವಾಗಿದೆ.

ಆದರೂ ಇವು ನಿರಪಾಯಕರವೆಂದು ತಿಳಿಯಲಾಗದು. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆಗಳು ಸಾಮಾನ್ಯ. ಆದುದರಿಂದಲೇ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವುದು ಕ್ರಮ. ವಾಂತಿಭೇದಿಗಳಿಂದ ದೇಹದ ನೀರು ಬತ್ತಿದರೆ ಮೂತ್ರಪಿಂಡಗಳಿಗೆ ಧಕ್ಕೆಯಾಗಬಹುದು. ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು, ವಿರಳವಾಗಿ ಮೇದೋಜೀರಕಗ್ರಂಥಿಯ ಉರಿಯೂತವೂ ಉಂಟು. ಬಿಡದೆ ಕಾಡುವ ತೀವ್ರ ಹೊಟ್ಟೆನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಮೊದಲಾದವುಗಳೊಡನೆ ಸೇರಿದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರೂ, ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ಕುಟುಂಬದವರಿಗಾಗಲಿ ಇದ್ದವರೂ ಇವನ್ನು ಬಳಸಕೂಡದು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಔಷಧದ ವಿಷಯವನ್ನು ಅರಿವಳಿಕೆಯ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇನ್ನೊಂದು ಸಂಗತಿ: ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ; ಔಷಧವನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮರಳುವುದೂ ಉಂಟು. ಆದುದರಿಂದ ಸಾಕಷ್ಟು ಬೇಳೆಕಾಳು, ದಿನನಿತ್ಯದ ನಡಿಗೆ, ಮೈಮುರಿದು ದುಡಿಯುವ ಅಭ್ಯಾಸ ಇವುಗಳನ್ನು ಔಷಧದೊಡನೆಯೂ ಬಿಡಲಾಗದು.

ನೆರೆಯವರಿಗೆ ಒದಗಿದ ಮದ್ದು ನಮಗೂ ಒದಗುವುದೆಂಬ ನಿಯಮವಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವುದು ಅವಿವೇಕ. ದಾಸೋಹದ ಪಂಕ್ತಿಯಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಂಡು, ನೀಡಿದುದನ್ನು ಚೆಲ್ಲದೆ ಸ್ವೀಕರಿಸುವ ಪಾಠವನ್ನು ಈ ಶಾಲೆಯ ಮಕ್ಕಳು ಎಳೆವಯಸ್ಸಿನಲ್ಲಿಯೇ ಕಲಿಯುತ್ತಾರೆ. ಆ ಮಿತಿಯ ಅರಿವು ಊಟಕ್ಕೆಂತೋ ಔಷಧಕ್ಕೂ ಅಂತೆಯೇ ಸಲ್ಲುತ್ತದೆ.