ದೈಮಾನಿಯಾತ್: ಕಾಲೂರದೆ ನೋಡಬೇಕಾದ ಹವಳತೋಟ

ಬೆಳಿಗ್ಗೆ ಏಳೂವರೆಗೇ ಕುತ್ತಿಗೆ ಸುಡುವ ಬಿಸಿಲು. ಮಸ್ಕತ್‌ನ ಅಲ್ ಮೌಜ್ ಮರೀನಾದ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದೇವೆ. ಬೆನ್ನ ಹಿಂದೆ, ಬಿಳಿ ಮನೆಗಳ ಆಚೆಗೆ, ಹಜರ್ ಬೆಟ್ಟಸಾಲು. ದೂರಕ್ಕೆ ಅದರ ಮೇಲೆ ಒಂದು ಹಸಿರು ಕಡ್ಡಿಯೂ ಕಾಣುವುದಿಲ್ಲ. ಬೋಟಿನ ಹುಡುಗ ಒಬ್ಬೊಬ್ಬರ ಪಾಸ್‌ಪೋರ್ಟು, ನಿವಾಸಿ ಕಾರ್ಡು ನೋಡಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಬೋಟಿನಲ್ಲಿ ಜಾಗವಿಲ್ಲ. ನಾವು ಹೊರಟಿರುವುದು ಕಾಯ್ದಿಟ್ಟ ಕಡಲಿಗೆ. ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ನಾವೆಲ್ಲ ಮುಂಗಡ ಕೊಟ್ಟ ದಿನವೇ ಬೋಟಿನವರು ನಮ್ಮ ಪರವಾಗಿ ಅನುಮತಿ ಪಡೆದಿದ್ದರು.

ದೈಮಾನಿಯಾತ್ ಎಂಬುದು ಒಮಾನ್ ಸಮುದ್ರದಲ್ಲಿರುವ ಒಂಬತ್ತು ಪುಟ್ಟ ದ್ವೀಪಗಳ ಸರಮಾಲೆ. ಬರ್ಕಾ ಪಟ್ಟಣದ ತೀರದಿಂದ ಸುಮಾರು 18 ಕಿಲೋಮೀಟರ್ ಒಳಗಿದೆ. 1996ರಲ್ಲಿ ರಾಜಾಜ್ಞೆಯ ಮೂಲಕ ಒಮಾನ್ ಸರಕಾರ ಈ ದ್ವೀಪಗಳನ್ನೂ ಸುತ್ತಲಿನ ಕಡಲನ್ನೂ ಸೇರಿಸಿ 203 ಚದರ ಕಿಲೋಮೀಟರ್ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅದರಲ್ಲಿ ನೆಲ ಎಂಬುದು ತೀರಾ ಅಲ್ಪ, ಉಳಿದದ್ದೆಲ್ಲ ನೀರೇ. ದ್ವೀಪಗಳಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ.

ದಿನ ಗೊತ್ತು ಮಾಡಿದವಳು ಮಸ್ಕತ್ ಬಳಿಯ ಸೀಬ್‌ನಲ್ಲಿ ಸಂಸಾರ ಹೂಡಿರುವ ನನ್ನ ತಂಗಿ. "ಏಪ್ರಿಲ್ ದಾಟಿದರೆ ಮರಳಿನ ಮೇಲೆ ಕಾಲಿಡೋ ಹಾಗಿಲ್ಲ, ಅಕ್ಕ" ಎಂದು ಜನವರಿಯಲ್ಲೇ ಹೇಳಿದ್ದಳು. ಮೇ 1ರಿಂದ ಅಕ್ಟೋಬರ್ 31ರವರೆಗೆ ದ್ವೀಪಗಳ ಮೇಲೆ ಇಳಿಯುವುದು ನಿಷಿದ್ಧ. ಆಮೆ ಮತ್ತು ಕಡಲಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡುವ ಕಾಲ ಅದು. ನೀರಿನಲ್ಲಿ ಈಜಲು ಬೋಟುಗಳು ಆಗಲೂ ಹೋಗುತ್ತವೆ. ತಿಮಿಂಗಿಲ ಶಾರ್ಕ್ ಕಾಣಬೇಕೆನ್ನುವವರು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಸೆಖೆಯನ್ನು ಸಹಿಸಿಕೊಂಡೇ ಬರುತ್ತಾರೆ. ಚಳಿಗಾಲದಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಎದ್ದರೆ ಕಡಲು ಉಬ್ಬರಿಸಿ ಪ್ರಯಾಣವೇ ರದ್ದಾಗುತ್ತದೆ. ನನ್ನನ್ನು ಕೇಳಿದರೆ ಮಾರ್ಚ್, ಏಪ್ರಿಲ್ ವಾಸಿ. ಆದರೆ ಮಸ್ಕತ್‌ನಲ್ಲಿ ಒಂದೇ ದಿನ ಕೈಯಲ್ಲಿಟ್ಟುಕೊಂಡು ಬರಬೇಡಿ. ಗಾಳಿ ಕೈಕೊಟ್ಟರೆ ಬದಲಿಗೆ ಇನ್ನೊಂದು ದಿನವಿರಲಿ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ಎರಡು ದಿನ ತಪ್ಪಿಸಿದರೆ ಬೋಟುಗಳ ಗದ್ದಲವೂ ತಪ್ಪುತ್ತದೆ. ತಂಗಿಗೆ ರಜೆ ಸಿಕ್ಕಿದ್ದು ಶುಕ್ರವಾರವಾದ್ದರಿಂದ ನಮಗೆ ಆ ಭಾಗ್ಯವಿರಲಿಲ್ಲ.

ಎರಡು ಎಂಜಿನ್‌ಗಳ ಫೈಬರ್ ಬೋಟು. ತೀರ ಬಿಟ್ಟ ಮೇಲೆ ಸೊಂಟ ಗಟ್ಟಿಮಾಡಿ ಕೂರಬೇಕು. ಅಲೆ ಅಲೆಗೂ ಎತ್ತಿ ಕುಕ್ಕುತ್ತದೆ. ವಾಂತಿ ಬರುವವರು ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಿ, ಹೊಟ್ಟೆಗೆ ಹಗುರವಾಗಿ ತಿಂದು, ಬೋಟಿನ ಹಿಂಬದಿಗೆ ಕೂರುವುದು ಒಳ್ಳೆಯದು. ಒಂದು ಗಂಟೆ ಸಾಗಿದ ಮೇಲೆ ನೀರಿನ ಮೇಲೆ ಸುಣ್ಣದ ಗೆರೆ ಎಳೆದಂತೆ ಏನೋ ಕಂಡಿತು. ಹತ್ತಿರವಾದಂತೆ ಅದು ಸುಣ್ಣಕಲ್ಲಿನ ತಗ್ಗು ದ್ವೀಪವಾಯಿತು. ಅಲೆ ಬುಡವನ್ನು ಕೊರೆದು ಬಂಡೆಗಳನ್ನು ಕೊಡೆಯಂತೆ ಮುಂಚಾಚಿಸಿದೆ. ನಡುವೆ ಬಿಳಿ ಮರಳಿನ ಪುಟ್ಟ ದಂಡೆ. ಮರ ಒಂದೂ ಇಲ್ಲ.

ಆ ಬರಡುತನವನ್ನು ನೋಡಿದವರಿಗೆ ನೀರೊಳಗೂ ಹೀಗೇ ಇರಬಹುದು ಅನಿಸುತ್ತದೆ. ನಿಜ ತಿರುವುಮುರುವು. ಹವಳಕ್ಕೆ ಬೇಕಾದದ್ದು ತಿಳಿನೀರು, ಬಿಸಿಲು, ಕಾಲೂರಲು ಗಟ್ಟಿ ಬಂಡೆ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ನೀರು ರಾಡಿಯಾದರೆ ಆ ಊಟ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳು ಪ್ರತಿ ಮಳೆಗಾಲ ಘಟ್ಟದ ಮಣ್ಣನ್ನು ತಂದು ಕಡಲಿಗೆ ಸುರಿಯುತ್ತವೆ. ಹಾಗಾಗಿ ಹವಳ ನೋಡಲು ನಾವು ತೀರ ಬಿಟ್ಟು ಮುರ್ಡೇಶ್ವರದಾಚೆಯ ನೇತ್ರಾಣಿಗೆ ಹೋಗಬೇಕು. ಮಸ್ಕತ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ವರ್ಷವಿಡೀ ಹರಿಯುವ ದೊಡ್ಡ ನದಿಯೊಂದೂ ಇಲ್ಲ. ಬೆಟ್ಟಗಳನ್ನು ಬೋಳಾಗಿಸಿದ ಆ ಒಣಹವೆಯ ದೆಸೆಯಿಂದಲೇ ಈ ನೀರು ತಿಳಿಯಾಗಿದೆ.

ಹವಳ ಮುರಿಯದಿರಲೆಂದು ಬೋಟು ಲಂಗರು ಹಾಕಲಿಲ್ಲ. ನೀರಿನ ಮೇಲೆ ತೇಲುತ್ತಿದ್ದ ಬೋಯಾವೊಂದಕ್ಕೆ ಹಗ್ಗ ಬಿಗಿದು ನಿಂತಿತು. ನಡೆಸುತ್ತಿದ್ದವನು ಬಾತಿನಾ ಕರಾವಳಿಯ ನಡುವಯಸ್ಸಿನ ಒಮಾನಿ. ಹಿಂದಿ ಸರಾಗವಾಗಿ ಬರುತ್ತಿತ್ತು. ಇಳಿಯುವ ಮೊದಲು ಎಲ್ಲರನ್ನೂ ಕೂರಿಸಿ ಮೂರೇ ಮಾತು ಹೇಳಿದ: ಏನನ್ನೂ ಮುಟ್ಟಬೇಡಿ, ಏನನ್ನೂ ಎತ್ತಿಕೊಳ್ಳಬೇಡಿ, ದಣಿವಾದರೆ ಕಾಲೂರಬೇಡಿ, ಕೈ ಎತ್ತಿ, ನಾನು ಬರುತ್ತೇನೆ. ನನಗೆ ಈಜು ಅಷ್ಟಕ್ಕಷ್ಟೇ. ಲೈಫ್ ಜಾಕೆಟ್ ತೊಟ್ಟೇ ಇಳಿದೆ. ಸ್ನಾರ್ಕೆಲಿಂಗ್‌ಗೆ ಮುಖ ನೀರಿನಲ್ಲಿಟ್ಟು ಕೊಳವೆಯಿಂದ ನಿಧಾನ ಉಸಿರಾಡಲು ಬಂದರೆ ಸಾಕು. ಮನೆಯ ಬಕೆಟ್ಟಿನಲ್ಲೇ ಎರಡು ದಿನ ಅಭ್ಯಾಸ ಮಾಡಿಕೊಳ್ಳಬಹುದು. ಕನ್ನಡಕದವರು ತಮ್ಮ ನಂಬರಿನ ಗಾಜಿರುವ ಮಾಸ್ಕ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಇಲ್ಲವಾದರೆ ಅಷ್ಟು ದೂರ ಬಂದೂ ಬಣ್ಣ ಕಲಸಿದ ಮಬ್ಬನ್ನಷ್ಟೇ ನೋಡಿ ಮರಳಬೇಕಾಗುತ್ತದೆ.

ಮುಖ ಮುಳುಗಿಸಿದೆ. ಮೊದಲು ಕೇಳಿಸಿದ್ದು ಸದ್ದು. ಹುರಿಗಡಲೆ ಕಡಿದಂತೆ ಕಟಕಟ. ಸದ್ದಿನ ಜಾಡು ಹಿಡಿದು ನೋಡಿದರೆ ಗಿಳಿಮೀನುಗಳ ಹಿಂಡು. ಪಾಚಿಗಾಗಿ ಹವಳದ ಬಂಡೆಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿನ್ನುತ್ತಿದ್ದವು. ಕೆರೆದ ಸುಣ್ಣ ಅವುಗಳ ಗಂಟಲಿನ ಹಲ್ಲುಗಳಲ್ಲಿ ನುರಿದು ಮರಳಾಗಿ ಹೊರಬೀಳುತ್ತದೆ. ದಂಡೆಯ ಬಿಳಿ ಮರಳಿನಲ್ಲಿ ಇವುಗಳ ಪಾಲೂ ಇದೆ. ಕೆಳಗೆ ಎರಡಾಳು ಆಳದಲ್ಲಿ ಎಲೆಕೋಸು ಬಿಚ್ಚಿಟ್ಟಂಥ ಹವಳ, ಪಕ್ಕದಲ್ಲಿ ಹೂಕೋಸಿನ ಗೊಂಚಲಿನಂಥದು, ಆಚೆ ರುಬ್ಬುಗುಂಡಿನಂತೆ ನುಣುಪಾಗಿ ಉರುಟಾದ ದೊಡ್ಡ ಹವಳದ ಗುಡ್ಡೆ. ಆ ಉರುಟು ಜಾತಿ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನನ್ನೆದುರಿಗೆ ಇದ್ದದ್ದು ನನ್ನ ಎದೆಯೆತ್ತರ. ನನ್ನ ಅಜ್ಜಿ ಹುಟ್ಟುವ ಮೊದಲೇ ಅದು ಅಲ್ಲಿ ಬೇರೂರಿತ್ತೆಂದು ಲೆಕ್ಕ ಹಾಕಿ ಮೈ ಜುಮ್ಮೆಂದಿತು.

"ದೊಡ್ಡಮ್ಮ!" ತಂಗಿಯ ಮಗಳು ತೋಳು ಹಿಡಿದೆಳೆದಳು. ಅವಳ ಬೆರಳಿನ ತುದಿಯಲ್ಲಿ ಆಮೆ. ಹದ್ದಿನ ಕೊಕ್ಕಿನಂತೆ ಬಾಗಿದ ಮೂತಿ, ಅಂಚು ಗರಗಸದಂತಿರುವ ಚಿಪ್ಪು: ಹಾಕ್ಸ್‌ಬಿಲ್ ಕಡಲಾಮೆ. ಅಳಿವಿನಂಚಿನಲ್ಲಿರುವ ಈ ಜೀವಿ ದೈಮಾನಿಯಾತ್‌ನ ಮರಳಿಗೆ ವರ್ಷವರ್ಷವೂ ಮೊಟ್ಟೆಯಿಡಲು ಬರುತ್ತದೆ. ನಮ್ಮ ಹೊನ್ನಾವರ, ಕುಂದಾಪುರದ ತೀರಕ್ಕೆ ಆಲಿವ್ ರಿಡ್ಲೆ ಬರುವ ಹಾಗೆ. ನಾವು ಕಂಡ ಆಮೆ ಉಸಿರಿಗೆಂದು ಮೇಲೆ ಬಂದು, ಒಮ್ಮೆ ಮೂಗು ತೋರಿಸಿ, ಆತುರವಿಲ್ಲದೆ ಇಳಿಯಿತು. ಆಮೆಯ ಹಿಂದೆ ಈಜಿಕೊಂಡು ಹೋಗಬಾರದು. ಅಟ್ಟಿಸಿಕೊಂಡು ಹೋದರೆ ಅದಕ್ಕೆ ಉಸಿರು ತೆಗೆದುಕೊಳ್ಳಲೂ ಬಿಡುವಿರದು. ನಾವಿಬ್ಬರೂ ತೇಲುತ್ತಾ ಇದ್ದಲ್ಲೇ ಇದ್ದೆವು.

ಬೋಟಿನತ್ತ ಹಿಂತಿರುಗುವಾಗ ಕಂಡದ್ದನ್ನೂ ಹೇಳಲೇಬೇಕು. ಕಡಿಮೆ ಆಳದ ಕಡೆ ಮುರಿದ ಹವಳದ ಕೊಂಬೆಗಳು ಮೂಳೆಯಂತೆ ಚೆಲ್ಲಿದ್ದವು. ಮುರಿಯಲು ಬಿರುಗಾಳಿಯೇ ಸಾಕು: 2007ರ ಜೂನ್‌ನಲ್ಲಿ ಬಂದ ಗೋನು ಚಂಡಮಾರುತ ಮಸ್ಕತ್ ಸುತ್ತಲಿನ ಹವಳಗಳನ್ನು ಹಾಳುಗೆಡವಿತ್ತು; 2021ರ ಅಕ್ಟೋಬರ್‌ನಲ್ಲಿ ಶಾಹೀನ್ ಇದೇ ಬಾತಿನಾ ತೀರಕ್ಕೆ ಅಪ್ಪಳಿಸಿತು. ಬಿರುಗಾಳಿಯನ್ನು ತಡೆಯುವುದು ಯಾರ ಕೈಲೂ ಇಲ್ಲ. ಆದರೆ ಪಕ್ಕದ ಬೋಟಿನಿಂದ ಇಳಿದ ಯುವಕನೊಬ್ಬ ಮಾಸ್ಕ್ ಸರಿಮಾಡಿಕೊಳ್ಳಲು ಹವಳದ ಗೊಂಚಲಿನ ಮೇಲೆ ನಿಂತದ್ದನ್ನು, ಅದು ಫಿನ್ಸ್‌ನ ಕೆಳಗೆ ಮುರಿದದ್ದನ್ನು ನಾನು ಕಣ್ಣಾರೆ ಕಂಡೆ. ಆ ಬೋಟಿನಿಂದ ಯಾರೂ ಅವನನ್ನು ತಡೆಯಲಿಲ್ಲ. ನಮ್ಮ ಒಮಾನಿಯೇ ಜೋರಾಗಿ ಕೂಗಿ ಹೇಳಿದ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅದಕ್ಕೇ ಈ ದಿನದ ಸಿದ್ಧತೆಯಲ್ಲಿ ನಮ್ಮ ಸುಖದ ಜೊತೆಗೆ ಹವಳದ ಕ್ಷೇಮವೂ ಲೆಕ್ಕಕ್ಕೆ ಬರಬೇಕು. ಮೈಗೆ ಹಚ್ಚುವ ಸನ್‌ಸ್ಕ್ರೀನ್‌ನಲ್ಲಿ ಆಕ್ಸಿಬೆನ್ಜೋನ್ ಇದ್ದರೆ ಅದು ಹವಳದ ಮರಿಗಳಿಗೆ ಹಾನಿ ಮಾಡುತ್ತದೆ. ತುಂಬುತೋಳಿನ ಈಜುಡುಗೆ ತೊಟ್ಟರೆ ಅದನ್ನು ಹಚ್ಚುವ ಅಗತ್ಯವೇ ಅಷ್ಟಾಗಿ ಬೀಳದು. ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್‌ಗೆ ಕಡಿಮೆಯಿಲ್ಲದಷ್ಟು ನೀರು, ಕಸ ವಾಪಸು ತರಲು ಒಂದು ಚೀಲ ಇಟ್ಟುಕೊಳ್ಳಿ. ದ್ವೀಪದಿಂದ ಚಿಪ್ಪು, ಕಲ್ಲು, ಸತ್ತ ಹವಳದ ಚೂರು ಯಾವುದನ್ನೂ ತರಬೇಡಿ.

ಮಧ್ಯಾಹ್ನ ಮರಳಿನ ಮೇಲೆ ಅರ್ಧ ಗಂಟೆ ಕೂತು ತಂಗಿ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಅಲೆ ತಾಕದ ಮೇಲ್ದಂಡೆಯಲ್ಲಿ ಹಳೆಯ ಗೂಡುಗಳ ಗುಳಿಗಳಿದ್ದವು. ನಾವು ಅತ್ತ ಹೋಗಲಿಲ್ಲ. ದಂಡೆ ಮುಚ್ಚಲು ಇನ್ನು ಎರಡು ವಾರವೂ ಉಳಿದಿರಲಿಲ್ಲ.

ಹೋಗುವವರಲ್ಲಿ ನನ್ನದೊಂದು ಕೋರಿಕೆ. ಮುಂಗಡ ಕೊಡುವ ಮೊದಲು ಬೋಟಿನವರನ್ನು ಕೇಳಿ: ಬೋಯಾಕ್ಕೆ ಕಟ್ಟುತ್ತೀರೋ, ಲಂಗರು ಎಸೆಯುತ್ತೀರೋ? ನೀರಿನಲ್ಲಿ ನಮ್ಮ ಜೊತೆ ನಿಮ್ಮವರು ಯಾರಾದರೂ ಇಳಿಯುತ್ತಾರೋ? ಲಂಗರು ಎಂದರೆ, ಅಥವಾ ಉತ್ತರಕ್ಕೆ ತಡವರಿಸಿದರೆ, ಬೇರೆ ಬೋಟು ಹುಡುಕಿಕೊಳ್ಳಿ.